ರಾಡ್ ಸರ್ಲಿಂಗ್

ರಾಡ್‌ಮನ್ ಎಡ್ವರ್ಡ್ ಸರ್ಲಿಂಗ್ (ಡಿಸೆಂಬರ್ ೨೫, ೧೯೨೪ – ಜೂನ್ ೨೮, ೧೯೭೫) ಅಮೆರಿಕದ ದೂರದರ್ಶನ ನಾಟಕಕಾರ, ಚಿತ್ರಕಥೆಗಾರ, ನಿರ್ಮಾಪಕ ಹಾಗೂ ನಿರೂಪಕ. ೧೯೫೯ರಿಂದ ೧೯೬೪ರವರೆಗೆ ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದ 'ದಿ ಟ್ವಿಲೈಟ್ ಝೋನ್' ಎಂಬ ವೈಜ್ಞಾನಿಕ ಕಲ್ಪನೆಯ ಕಥಾಸರಣಿಯನ್ನು ರೂಪಿಸಿದವರು ಇವರೇ. ಆ ಸರಣಿಯ ೧೫೬ ಕಂತುಗಳಲ್ಲಿ ೯೨ನ್ನು ಇವರು ಬರೆದರು. ಸರಣಿಗೆ ಮುನ್ನವೇ ನೇರ ಪ್ರಸಾರದ ನಾಟಕಗಳಿಂದ ಹೆಸರಾಗಿದ್ದ ಸರ್ಲಿಂಗ್, ವರ್ಣದ್ವೇಷದ ಕುರಿತು ನೇರವಾಗಿ ಬರೆಯಲು ಪ್ರಾಯೋಜಕರು ಅವಕಾಶ ಕೊಡದಿದ್ದಾಗ ಅದೇ ವಿಷಯವನ್ನು ಅನ್ಯಗ್ರಹದ ಜೀವಿಗಳ ಕಥೆಗಳ ಮರೆಯಲ್ಲಿ ಹೇಳುವ ದಾರಿಯನ್ನು ಕಂಡುಕೊಂಡರು. ೧೯೬೦ರ 'ದಿ ಮಾನ್‌ಸ್ಟರ್ಸ್ ಆರ್ ಡ್ಯೂ ಆನ್ ಮೇಪಲ್ ಸ್ಟ್ರೀಟ್' ಎಂಬ ಕಂತು ಈ ದಾರಿಯ ಅತ್ಯಂತ ಸ್ಪಷ್ಟವಾದ ಉದಾಹರಣೆಯಾಗಿದೆ.

ಜನನ ಮತ್ತು ಬಾಲ್ಯ

ಸರ್ಲಿಂಗ್ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಸ್ಯಾಮ್ಯುಯೆಲ್, ತಾಯಿ ಎಸ್ತರ್. ದಂಪತಿಯ ಇಬ್ಬರು ಗಂಡುಮಕ್ಕಳಲ್ಲಿ ಇವರು ಕಿರಿಯರು. ಅಣ್ಣ ರಾಬರ್ಟ್ ಸರ್ಲಿಂಗ್ ಮುಂದೆ ವಿಮಾನಯಾನದ ಬಗ್ಗೆ ಬರೆಯುವ ಲೇಖಕರಾಗಿ, ಕಾದಂಬರಿಕಾರರಾಗಿ ಹೆಸರು ಪಡೆದರು. ರಾಡ್ ಇನ್ನೂ ಮಗುವಾಗಿದ್ದಾಗ ಕುಟುಂಬವು ಅದೇ ರಾಜ್ಯದ ಬಿಂಗ್‌ಹ್ಯಾಮ್ಟನ್ ಎಂಬ ಚಿಕ್ಕ ನಗರಕ್ಕೆ ಬಂದು ನೆಲೆಸಿತು. ತಂದೆ ಅಲ್ಲಿ ದಿನಸಿ ಅಂಗಡಿಯನ್ನೂ ಆ ಬಳಿಕ ಮಾಂಸದ ಅಂಗಡಿಯನ್ನೂ ನಡೆಸಿದರು.

ಬಿಂಗ್‌ಹ್ಯಾಮ್ಟನ್ನಿನ ಬಾಲ್ಯವು ಸರ್ಲಿಂಗ್ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಮನೆಯ ಸಮೀಪದ ರಿಕ್ರಿಯೇಷನ್ ಪಾರ್ಕ್ ಎಂಬ ಉದ್ಯಾನದಲ್ಲಿ ಮರದ ಕುದುರೆಗಳ ತಿರುಗುತೊಟ್ಟಿಲೂ ವಾದ್ಯಗೋಷ್ಠಿಯ ಮಂಟಪವೂ ಇದ್ದವು. ಮೂವತ್ತು ದಾಟಿದ ಅಧಿಕಾರಿಯೊಬ್ಬ ದಣಿದು ತನ್ನ ಹುಟ್ಟೂರಿಗೆ ನಡೆದು ಹೋಗಿ, ಅಲ್ಲಿ ಬಾಲಕನಾದ ತನ್ನನ್ನೇ ಎದುರುಗೊಳ್ಳುವ 'ವಾಕಿಂಗ್ ಡಿಸ್ಟೆನ್ಸ್' (೧೯೫೯) ಎಂಬ ಕಂತಿಗೆ ಈ ಉದ್ಯಾನವೇ ಪ್ರೇರಣೆ. ಮನೆಯಲ್ಲಿ ರಾಡ್ ಬಹಳ ಮಾತಿನ ಹುಡುಗ. ಪತ್ರಿಕೆಗಳಲ್ಲಿ ಓದಿದ ಕಥೆಗಳನ್ನೂ ನೋಡಿದ ಸಿನಿಮಾಗಳನ್ನೂ ಅಣ್ಣನೊಡನೆ ಅಭಿನಯಿಸಿ ತೋರಿಸುವುದು ಇಬ್ಬರ ನಿತ್ಯದ ಆಟವಾಗಿತ್ತು. ಪ್ರೌಢಶಾಲೆಯಲ್ಲಿ ಚರ್ಚಾಸ್ಪರ್ಧೆ ಮತ್ತು ಶಾಲಾಪತ್ರಿಕೆಯ ಕೆಲಸದಲ್ಲಿ ಮುಂದಿದ್ದರು.

ಯುದ್ಧಕಾಲ

೧೯೪೩ರ ಜನವರಿಯಲ್ಲಿ ಪ್ರೌಢಶಾಲೆಯ ವ್ಯಾಸಂಗ ಮುಗಿದ ಕೂಡಲೇ ಸರ್ಲಿಂಗ್ ಸೈನ್ಯಕ್ಕೆ ಸೇರಿದರು. ಕುಳ್ಳಗಿದ್ದ ಅವರು ಹಟ ಹಿಡಿದು ಪ್ಯಾರಾಶೂಟ್ ದಳವನ್ನೇ ಆರಿಸಿಕೊಂಡು ೧೧ನೇ ವಾಯುವಾಹಿತ ವಿಭಾಗದ ೫೧೧ನೇ ಪ್ಯಾರಾಶೂಟ್ ಪದಾತಿದಳದಲ್ಲಿ ಸ್ಥಾನ ಪಡೆದರು. ತರಬೇತಿಯ ಅವಧಿಯಲ್ಲಿ ಕಡಿಮೆ ತೂಕದವರ ವರ್ಗದಲ್ಲಿ ಮುಷ್ಟಿಯುದ್ಧ ಆಡಿ ಮೂಗು ಮುರಿಸಿಕೊಂಡರು. ಮುಂದೆ ಮುಷ್ಟಿಮಲ್ಲರ ಬದುಕನ್ನು ಅವರು ಅಷ್ಟು ನಿಖರವಾಗಿ ಬರೆಯಲು ಈ ಅನುಭವ ನೆರವಾಯಿತು.

೧೯೪೪ರ ನವೆಂಬರಿನಲ್ಲಿ ಅವರ ದಳ ಫಿಲಿಪ್ಪೀನ್ಸಿನ ಲೇಟೆ ದ್ವೀಪದಲ್ಲಿ ಇಳಿಯಿತು. ಮಳೆ, ಕೆಸರು, ಆಹಾರದ ಕೊರತೆಗಳ ನಡುವೆ ಗುಡ್ಡಗಾಡಿನಲ್ಲಿ ವಾರಗಟ್ಟಲೆ ಕಾದಾಟ ನಡೆಯಿತು. ವಿಮಾನದಿಂದ ಕೆಳಕ್ಕೆಸೆದ ಆಹಾರದ ಪೆಟ್ಟಿಗೆಯೊಂದು ಬಡಿದು ಆಪ್ತ ಮಿತ್ರನೊಬ್ಬ ಸರ್ಲಿಂಗ್ ಅವರ ಕಣ್ಣೆದುರೇ ಸತ್ತುಹೋದನು. ಶತ್ರುವಿನ ಗುಂಡಿನಿಂದಲ್ಲದೆ, ಹಸಿದವರಿಗೆಂದು ಬಂದ ಅನ್ನದಿಂದಲೇ ಒದಗಿದ ಆ ಸಾವಿನ ಅಸಂಬದ್ಧತೆ ಅವರನ್ನು ಕಾಡಿತು. ಅವರ ಕಥೆಗಳಲ್ಲಿ ವಿಧಿಯು ಇಂತಹುದೇ ಕ್ರೂರ ವ್ಯಂಗ್ಯವಾಗಿ ಬರುವುದನ್ನು ಗಮನಿಸಬಹುದು. ಬಳಿಕ ಲುಝಾನ್ ದ್ವೀಪದಲ್ಲಿ, ಮನಿಲಾ ನಗರದ ಬೀದಿಕಾಳಗದಲ್ಲಿ ಅವರು ಭಾಗವಹಿಸಿದರು. ಮಣಿಕಟ್ಟಿಗೂ ಮೊಣಕಾಲಿಗೂ ಗಾಯಗಳಾದವು. ಮೊಣಕಾಲಿನ ನೋವು ಜೀವನಪರ್ಯಂತ ಉಳಿಯಿತು. ಪರ್ಪಲ್ ಹಾರ್ಟ್ ಮತ್ತು ಬ್ರಾಂಝ್ ಸ್ಟಾರ್ ಪದಕಗಳು ಅವರಿಗೆ ಸಂದವು.

೧೯೪೫ರಲ್ಲಿ ತಂದೆ ಹೃದಯಾಘಾತದಿಂದ ತೀರಿಕೊಂಡರು. ಅಂತ್ಯಕ್ರಿಯೆಗೆ ಹೋಗಲು ಸೇನೆಯಲ್ಲಿದ್ದ ಮಗನಿಗೆ ಸಾಧ್ಯವಾಗಲಿಲ್ಲ. ಜಪಾನಿನ ಶರಣಾಗತಿಯ ಅನಂತರ ಕೆಲಕಾಲ ಆ ದೇಶದಲ್ಲಿದ್ದ ಸೈನ್ಯದಲ್ಲಿ ಸೇವೆ ಸಲ್ಲಿಸಿ ೧೯೪೬ರಲ್ಲಿ ಅವರು ಬಿಡುಗಡೆ ಹೊಂದಿದರು. ಯುದ್ಧದ ದುಃಸ್ವಪ್ನಗಳು ವರ್ಷಗಟ್ಟಲೆ ನಿದ್ದೆಗೆಡಿಸಿದವು. ಮನಸ್ಸಿನೊಳಗಿನದನ್ನು ಹೊರಹಾಕಲೆಂದೇ ತಾವು ಬರವಣಿಗೆಗೆ ತೊಡಗಿದುದಾಗಿ ಅವರು ಮುಂದೆ ಹೇಳಿಕೊಂಡಿದ್ದಾರೆ.

ವಿದ್ಯಾಭ್ಯಾಸ, ವಿವಾಹ ಮತ್ತು ಮೊದಲ ಬರಹಗಳು

ನಿವೃತ್ತ ಸೈನಿಕರಿಗೆ ಸರ್ಕಾರ ನೀಡುತ್ತಿದ್ದ ಶಿಕ್ಷಣ ವೇತನದಿಂದ ಸರ್ಲಿಂಗ್ ಒಹಾಯೊ ರಾಜ್ಯದ ಆಂಟಿಯೋಕ್ ಕಾಲೇಜಿಗೆ ಸೇರಿದರು. ಮೊದಲು ದೈಹಿಕ ಶಿಕ್ಷಣವನ್ನು ಆರಿಸಿಕೊಂಡಿದ್ದವರು ಬೇಗನೆ ಸಾಹಿತ್ಯಕ್ಕೆ ಹೊರಳಿ, ೧೯೫೦ರಲ್ಲಿ ಪದವಿ ಪಡೆದರು. ಕಾಲೇಜಿನ ಬಾನುಲಿ ತಂಡಕ್ಕೆ ನಾಟಕಗಳನ್ನು ಬರೆದು, ನಿರ್ದೇಶಿಸಿ, ನಟಿಸಿದರು. ಕೈಖರ್ಚಿಗಾಗಿ ಸೇನೆಯ ಹೊಸ ಪ್ಯಾರಾಶೂಟುಗಳನ್ನು ಹಾರಿ ಪರೀಕ್ಷಿಸುವ ಅಪಾಯದ ಕೆಲಸವನ್ನೂ ಮಾಡಿದರು. ಅಲ್ಲಿಯೇ ಸಹಪಾಠಿ ಕ್ಯಾರೊಲಿನ್ ಕ್ರೇಮರ್ ಅವರ ಪರಿಚಯವಾಗಿ ೧೯೪೮ರ ಜುಲೈ ೩೧ರಂದು ವಿವಾಹವಾಯಿತು. ಅವರಿಗೆ ಜೋಡಿ ಮತ್ತು ಆನ್ ಎಂಬ ಇಬ್ಬರು ಪುತ್ರಿಯರು.

ಪದವಿಯ ಬಳಿಕ ಸಿನ್ಸಿನಾಟಿಯ ಬಾನುಲಿ ಕೇಂದ್ರವೊಂದರಲ್ಲಿ ಬರಹಗಾರರ ಕೆಲಸ ಸಿಕ್ಕಿತು. ಹಗಲು ಜಾಹೀರಾತುಗಳನ್ನೂ ಕಾರ್ಯಕ್ರಮಗಳ ಮಾತುಗಳನ್ನೂ ಬರೆದು, ರಾತ್ರಿ ಅಡುಗೆಮನೆಯ ಮೇಜಿನಲ್ಲಿ ಸ್ವಂತ ನಾಟಕಗಳನ್ನು ಬರೆಯುತ್ತಿದ್ದರು. ಒಂದರ ಹಿಂದೊಂದು ಹಸ್ತಪ್ರತಿಗಳು ತಿರಸ್ಕೃತವಾಗಿ ಮರಳಿದವು. ನಗರದ ದೂರದರ್ಶನ ಕೇಂದ್ರದ 'ದಿ ಸ್ಟಾರ್ಮ್' ಎಂಬ ನಾಟಕಮಾಲೆಗೆ ಬರೆಯುತ್ತ ಅವರು ಈ ಹೊಸ ಮಾಧ್ಯಮದ ಕಸುಬನ್ನು ಕಲಿತರು. ಕ್ರಮೇಣ ನೌಕರಿಯನ್ನು ಬಿಟ್ಟು ಬರವಣಿಗೆಯಿಂದಲೇ ಬದುಕುವ ನಿರ್ಧಾರಕ್ಕೆ ಬಂದರು.

ನೇರ ಪ್ರಸಾರದ ನಾಟಕಗಳು

೧೯೫೦ರ ದಶಕದ ಅಮೆರಿಕದಲ್ಲಿ ದೂರದರ್ಶನ ನಾಟಕಗಳು ಹೆಚ್ಚಾಗಿ ನೇರ ಪ್ರಸಾರವಾಗುತ್ತಿದ್ದವು. ನಟರು ಸ್ಟುಡಿಯೋದಲ್ಲಿ ಅಭಿನಯಿಸುತ್ತಿದ್ದಂತೆಯೇ ದೇಶದ ಮನೆಗಳಲ್ಲಿ ಅದು ಮೂಡುತ್ತಿತ್ತು, ತಪ್ಪಿದರೆ ತಿದ್ದಿಕೊಳ್ಳಲು ಎಡೆಯಿರಲಿಲ್ಲ. ೧೯೫೫ರ ಜನವರಿ ೧೨ರಂದು ಪ್ರಸಾರವಾದ 'ಪ್ಯಾಟರ್ನ್ಸ್' ಎಂಬ ನಾಟಕ ಒಂದೇ ರಾತ್ರಿಯಲ್ಲಿ ಸರ್ಲಿಂಗ್ ಅವರ ಬದುಕನ್ನು ಬದಲಿಸಿತು. ದೊಡ್ಡ ಕಂಪನಿಯೊಂದರಲ್ಲಿ ವಯಸ್ಸಾದ ಅಧಿಕಾರಿಯನ್ನು ಅವಮಾನಿಸಿ ಹೊರದಬ್ಬಲು ಯುವಕನೊಬ್ಬನನ್ನು ತಂದು ಕೂರಿಸುವುದು ಅದರ ವಸ್ತು. ಬೇಡಿಕೆ ಎಷ್ಟಿತ್ತೆಂದರೆ, ನಾಲ್ಕು ವಾರಗಳ ಬಳಿಕ ಅದೇ ನಟರನ್ನು ಕರೆಸಿ ಇಡೀ ನಾಟಕವನ್ನು ಮತ್ತೊಮ್ಮೆ ನೇರವಾಗಿ ಆಡಿಸಲಾಯಿತು. ಅದುವರೆಗೆ ಹಾಗೆ ನಡೆದಿರಲಿಲ್ಲ.

೧೯೫೬ರ ಅಕ್ಟೋಬರ್ ೧೧ರಂದು 'ಪ್ಲೇಹೌಸ್ ೯೦' ಮಾಲಿಕೆಯಲ್ಲಿ 'ರೆಕ್ವಿಯೆಮ್ ಫಾರ್ ಎ ಹೆವಿವೇಟ್' ಪ್ರಸಾರವಾಯಿತು. ಕಣ್ಣು ಕಳೆದುಕೊಳ್ಳುವ ಅಪಾಯದಿಂದ ಅಖಾಡವನ್ನು ಬಿಡಬೇಕಾಗಿ ಬಂದ, ಬೇರೆ ಯಾವ ಕೆಲಸವೂ ಬಾರದ ಮುಷ್ಟಿಮಲ್ಲನ ಪಾತ್ರವನ್ನು ಜ್ಯಾಕ್ ಪ್ಯಾಲೆನ್ಸ್ ನಿರ್ವಹಿಸಿದರು. ಮರುವರ್ಷ ಬಂದ 'ದಿ ಕಮೆಡಿಯನ್' ಕೂಡ ಮೆಚ್ಚುಗೆ ಪಡೆಯಿತು. ಈ ಮೂರೂ ಕೃತಿಗಳಿಗೆ ಎಮ್ಮಿ ಪ್ರಶಸ್ತಿಗಳು ಬಂದವು. ಸರ್ಲಿಂಗ್ ಒಟ್ಟು ಆರು ಎಮ್ಮಿಗಳನ್ನು ಪಡೆದರು. ಪೀಬಡಿ ಪ್ರಶಸ್ತಿಯೂ ಅವರಿಗೆ ಲಭಿಸಿತು.

ಪ್ರಾಯೋಜಕರೊಡನೆ ಸಂಘರ್ಷ

ಖ್ಯಾತಿ ಬಂದರೂ ಬರೆಯಬೇಕೆಂದುದನ್ನು ಬರೆಯುವ ಸ್ವಾತಂತ್ರ್ಯ ಬರಲಿಲ್ಲ. ನಾಟಕಗಳ ವೆಚ್ಚವನ್ನು ಭರಿಸುತ್ತಿದ್ದ ಕಂಪನಿಗಳೂ ಅವುಗಳ ಜಾಹೀರಾತು ಸಂಸ್ಥೆಗಳೂ ಪ್ರತಿ ಸಾಲನ್ನು ಓದಿ, ಯಾವ ಪ್ರಾಂತದ ಗಿರಾಕಿಗಳಿಗೂ ಬೇಸರವಾಗದಂತೆ ತಿದ್ದುತ್ತಿದ್ದವು. ಅಮೆರಿಕದ ಸೆನೆಟ್ ಸಭೆಯ ಕುರಿತ 'ದಿ ಅರೀನಾ' (೧೯೫೬) ನಾಟಕದಲ್ಲಿ ಸದಸ್ಯರು ಆಗಿನ ನಿಜವಾದ ಯಾವ ರಾಜಕೀಯ ಪ್ರಶ್ನೆಯನ್ನೂ ಚರ್ಚಿಸುವಂತಿರಲಿಲ್ಲ. ಅದೇ ಕಥೆಯನ್ನು ನೂರು ವರ್ಷ ಮುಂದಕ್ಕೆ ಒಯ್ದು ಯಂತ್ರಮಾನವರಿಂದ ತುಂಬಿದ ಸಭೆಯನ್ನಾಗಿ ಮಾಡಿದ್ದರೆ ಹೇಳಬೇಕಾದುದನ್ನು ಹೇಳಬಹುದಿತ್ತೇನೋ ಎಂದು ಸರ್ಲಿಂಗ್ ಅನಂತರ ಬರೆದರು. ವ್ಯಂಗ್ಯವಾಗಿ ಹೊಳೆದ ಆ ಯೋಚನೆಯೇ ಮುಂದೆ ಅವರ ಮಾರ್ಗವಾಯಿತು.

ಇದಕ್ಕಿಂತ ಆಳವಾದ ಗಾಯ ಎಮೆಟ್ ಟಿಲ್ ಪ್ರಕರಣದಿಂದ ಆಯಿತು. ೧೯೫೫ರ ಆಗಸ್ಟಿನಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ೧೪ ವರ್ಷದ ಕಪ್ಪುವರ್ಣೀಯ ಬಾಲಕ ಎಮೆಟ್ ಟಿಲ್‌ನನ್ನು ಅಪಹರಿಸಿ ಕೊಲ್ಲಲಾಯಿತು. ಮುಂದಿನ ತಿಂಗಳೇ ಬಿಳಿಯರಷ್ಟೇ ಇದ್ದ ನ್ಯಾಯದರ್ಶಿ ಮಂಡಳಿ ಆರೋಪಿಗಳಿಬ್ಬರನ್ನೂ ನಿರ್ದೋಷಿಗಳೆಂದು ಬಿಟ್ಟಿತು. ಕೊಲೆಗಾರನನ್ನು ಊರೇ ಒಂದಾಗಿ ರಕ್ಷಿಸುವ ಈ ಸಂಗತಿಯನ್ನು ವಸ್ತುವಾಗಿಟ್ಟು ಸರ್ಲಿಂಗ್ 'ನೂನ್ ಆನ್ ಡೂಮ್ಸ್‌ಡೇ' ಬರೆದರು. ಪ್ರಸಾರಕ್ಕೆ ಅಡ್ಡಿಯಾಗಬಾರದೆಂದು ಮೊದಲೇ ಅವರು ಬಲಿಯಾದವನನ್ನು ವೃದ್ಧ ಯಹೂದಿ ಅಂಗಡಿಯವನನ್ನಾಗಿ ಮಾಡಿಕೊಂಡಿದ್ದರು. ಆದರೆ ನಾಟಕಕ್ಕೂ ಟಿಲ್ ಪ್ರಕರಣಕ್ಕೂ ನಂಟಿರುವ ಸುದ್ದಿ ಪತ್ರಿಕೆಗಳಲ್ಲಿ ಬಂದೊಡನೆ ದಕ್ಷಿಣದ ಬಿಳಿಯರ ಸಂಘಟನೆಗಳು ಪ್ರಾಯೋಜಕ ಕಂಪನಿಯ ಸರಕನ್ನು ಬಹಿಷ್ಕರಿಸುವ ಬೆದರಿಕೆ ಹಾಕಿದವು. ಕಥೆ ನಡೆಯುವ ಊರು ಈಶಾನ್ಯದ ನ್ಯೂ ಇಂಗ್ಲೆಂಡ್ ಪ್ರಾಂತಕ್ಕೆ ಹೋಯಿತು. ಸತ್ತವನು ಹೆಸರಿಲ್ಲದ ಪರದೇಶಿಯಾದನು. ದಕ್ಷಿಣವನ್ನು ನೆನಪಿಸುತ್ತದೆಂಬ ಕಾರಣಕ್ಕೆ ರಂಗಸಜ್ಜಿಕೆಯಿಂದ ಕೋಕಾ ಕೋಲಾ ಬಾಟಲಿಗಳನ್ನೂ ತೆಗೆಯಲಾಯಿತು. ೧೯೫೬ರ ಏಪ್ರಿಲ್ ೨೫ರಂದು ಪ್ರಸಾರವಾದ ನಾಟಕದಲ್ಲಿ ಟಿಲ್‌ನ ನೆರಳೂ ಉಳಿದಿರಲಿಲ್ಲ.

ಎರಡು ವರ್ಷಗಳ ಬಳಿಕ ಅವರು ಮತ್ತೆ ಪ್ರಯತ್ನಿಸಿದರು. 'ಎ ಟೌನ್ ಹ್ಯಾಸ್ ಟರ್ನ್ಡ್ ಟು ಡಸ್ಟ್' ೧೯೫೮ರ ಜೂನ್ ೧೯ರಂದು ಪ್ರಸಾರವಾಯಿತು. ಈ ಸಲ ಕಥೆಯನ್ನು ಹಿಂದಿನ ಶತಮಾನದ ನೈಋತ್ಯ ಗಡಿಸೀಮೆಗೆ ಒಯ್ಯಬೇಕಾಯಿತು. ಬಲಿಯಾದವನು ಮೆಕ್ಸಿಕನ್ ಯುವಕನಾದನು. ನಾಟಕ ಮೊದಲಿನದಕ್ಕಿಂತ ಗಟ್ಟಿಯಾಗಿತ್ತು, ಆದರೆ ಲೇಖಕರ ಮನಸ್ಸಿನಲ್ಲಿದ್ದ ಬಾಲಕ ಅದರಲ್ಲಿಯೂ ಇರಲಿಲ್ಲ.

ದಿ ಟ್ವಿಲೈಟ್ ಝೋನ್

೧೯೫೮ರ ನವೆಂಬರ್ ೨೪ರಂದು 'ದಿ ಟೈಮ್ ಎಲಿಮೆಂಟ್' ಎಂಬ ಸರ್ಲಿಂಗ್ ನಾಟಕ ಪ್ರಸಾರವಾಯಿತು. ೧೯೪೧ರ ಪರ್ಲ್ ಹಾರ್ಬರ್ ದಾಳಿಯ ಹಿಂದಿನ ದಿನಕ್ಕೆ ಮರಳಿ ಹೋದ ಮನುಷ್ಯ ಎಷ್ಟು ಎಚ್ಚರಿಸಿದರೂ ಯಾರೂ ನಂಬುವುದಿಲ್ಲ ಎಂಬುದು ಅದರ ಕಥೆ. ಪ್ರೇಕ್ಷಕರಿಂದ ರಾಶಿ ಪತ್ರಗಳು ಬಂದುದನ್ನು ನೋಡಿ, ಈ ಬರಹವನ್ನು ಕೊಂಡು ಮೂಲೆಗಿಟ್ಟಿದ್ದ ಸಿಬಿಎಸ್ ಸರಣಿಯೊಂದಕ್ಕೆ ಒಪ್ಪಿತು. ಕುಟುಂಬ ಪ್ರತಿ ಬೇಸಿಗೆಯನ್ನು ಕಳೆಯುತ್ತಿದ್ದ ಕಯೂಗಾ ಸರೋವರದ ಹೆಸರಿನಲ್ಲಿ ಸರ್ಲಿಂಗ್ ಕಯೂಗಾ ಪ್ರೊಡಕ್ಷನ್ಸ್ ಸಂಸ್ಥೆಯನ್ನು ಕಟ್ಟಿದರು. ಹೀಗೆ ಬರಹದ ಜೊತೆಗೆ ನಿರ್ಮಾಣದ ಹಿಡಿತವೂ ಅವರ ಕೈಗೆ ಬಂದಿತು.

ಸರಣಿ ೧೯೫೯ರ ಅಕ್ಟೋಬರ್ ೨ರಂದು ಆರಂಭವಾಯಿತು. ಅದಕ್ಕೆ ಕೆಲವೇ ದಿನ ಮೊದಲು ಪತ್ರಕರ್ತ ಮೈಕ್ ವ್ಯಾಲೇಸ್ ನಡೆಸಿದ ಸಂದರ್ಶನದಲ್ಲಿ ಸರ್ಲಿಂಗ್, ಪ್ರಾಯೋಜಕರೊಡನೆ ಕಾದಾಡಿ ದಣಿದಿರುವುದಾಗಿಯೂ ಹೊಸ ಸರಣಿಯಲ್ಲಿ ವಿವಾದದ ವಿಷಯಗಳೇನೂ ಇರುವುದಿಲ್ಲವೆಂದೂ ತಿಳಿಸಿದರು. ಗಂಭೀರ ಬರವಣಿಗೆಯನ್ನು ಅವರು ಕೈಬಿಟ್ಟರೆಂದು ಹಲವರು ಭಾವಿಸಿದರು. ಮೊದಲ ವರ್ಷ ಮುಗಿಯುವ ಮುನ್ನವೇ ಅದು ಸುಳ್ಳಾಯಿತು. ರಾಕ್ಷಸರು, ಯಂತ್ರಗಳು, ಬೇರೆ ಗ್ರಹಗಳು ಇರುವ ಕಥೆಯನ್ನು ಪ್ರಾಯೋಜಕರು ಮಕ್ಕಳ ಆಟವೆಂದು ಬಗೆದು ಸುಮ್ಮನಿದ್ದರು.

ಮೇಪಲ್ ಬೀದಿಯ ಕಂತು

'ದಿ ಮಾನ್‌ಸ್ಟರ್ಸ್ ಆರ್ ಡ್ಯೂ ಆನ್ ಮೇಪಲ್ ಸ್ಟ್ರೀಟ್' ಮೊದಲ ವರ್ಷದ ೨೨ನೇ ಕಂತಾಗಿ ೧೯೬೦ರ ಮಾರ್ಚ್ ೪ರಂದು ಪ್ರಸಾರವಾಯಿತು. ಮೇಪಲ್ ಬೀದಿಗೆ ರಾಕ್ಷಸರು ಬರಲಿದ್ದಾರೆ ಎಂಬುದು ಶೀರ್ಷಿಕೆಯ ಅರ್ಥ. ನಿರ್ದೇಶನ ರೊನಾಲ್ಡ್ ವಿನ್‌ಸ್ಟನ್ ಅವರದು. ಸ್ಟೀವ್ ಎಂಬ ವಿವೇಕಿಯ ಪಾತ್ರದಲ್ಲಿ ಕ್ಲಾಡ್ ಏಕಿನ್ಸ್, ಚಾರ್ಲಿ ಎಂಬ ಬಾಯಿಬಡುಕನ ಪಾತ್ರದಲ್ಲಿ ಜ್ಯಾಕ್ ವೆಸ್ಟನ್ ನಟಿಸಿದರು.

ಬೆಚ್ಚನೆಯ ಒಂದು ಸಂಜೆ. ಬೀದಿಯಲ್ಲಿ ಐಸ್‌ಕ್ರೀಮ್ ಮಾರುವವನು, ಆಡುವ ಮಕ್ಕಳು, ಕಾರು ತೊಳೆಯುವವರು. ತಲೆಯ ಮೇಲೆ ಏನೋ ಸದ್ದು ಮಾಡಿ ಮಿಂಚಿ ಹಾದುಹೋಗುತ್ತದೆ. ಮರುಕ್ಷಣ ವಿದ್ಯುತ್ತು, ದೂರವಾಣಿ, ರೇಡಿಯೋ ಎಲ್ಲವೂ ನಿಲ್ಲುತ್ತವೆ. ಕಾರುಗಳೂ ಚಾಲೂ ಆಗುವುದಿಲ್ಲ. ಪೀಟ್ ವ್ಯಾನ್ ಹಾರ್ನ್ ಎಂಬ ನೆರೆಯವನು ಪಕ್ಕದ ಬೀದಿಯಲ್ಲಿ ವಿದ್ಯುತ್ತಿದೆಯೇ ಎಂದು ನೋಡಿಬರಲು ಹೊರಡುತ್ತಾನೆ. ಅಷ್ಟರಲ್ಲಿ ಟಾಮಿ ಎಂಬ ಹುಡುಗ ತಾನು ಓದಿದ ಕಥೆಯೊಂದನ್ನು ಹೇಳುತ್ತಾನೆ: ಬಾಹ್ಯಾಕಾಶದಿಂದ ಬರುವವರು ಮುಂಚಿತವಾಗಿ ಮನುಷ್ಯರಂತೆಯೇ ಕಾಣುವ ಒಂದು ಕುಟುಂಬವನ್ನು ಕಳುಹಿಸಿ ಊರಿನಲ್ಲಿ ನೆಲೆಗೊಳಿಸಿರುತ್ತಾರಂತೆ. ದೊಡ್ಡವರು ಮೊದಲು ನಗುತ್ತಾರೆ.

ಲೆಸ್ ಗುಡ್‌ಮನ್ ಎಂಬವನ ಕಾರು ಯಾರೂ ಮುಟ್ಟದೆ ತಾನಾಗಿ ಚಾಲೂ ಆದಾಗ ನಗು ನಿಲ್ಲುತ್ತದೆ. ಅವನು ರಾತ್ರಿ ನಿದ್ದೆ ಬಾರದೆ ಅಂಗಳದಲ್ಲಿ ನಿಂತು ಆಕಾಶ ನೋಡುವುದು ನೆರೆಯವಳೊಬ್ಬಳಿಗೆ ನೆನಪಾಗುತ್ತದೆ. ವರ್ಷಗಳಿಂದ ಯಾರೂ ಗಮನಿಸದಿದ್ದ ಸಣ್ಣ ಅಭ್ಯಾಸ ಈಗ ಸಾಕ್ಷ್ಯವಾಗುತ್ತದೆ. ಜನರನ್ನು ಸಮಾಧಾನಪಡಿಸಲು ಯತ್ನಿಸಿದ ಸ್ಟೀವ್‌ನ ಮೇಲೂ, ಅವನು ಮನೆಯಲ್ಲಿ ಕಟ್ಟುತ್ತಿರುವ ಹವ್ಯಾಸಿ ರೇಡಿಯೋ ಯಂತ್ರದ ಕಾರಣದಿಂದ ಅನುಮಾನ ಹರಿಯುತ್ತದೆ. ಕತ್ತಲಲ್ಲಿ ಆಕೃತಿಯೊಂದು ಬೀದಿಯತ್ತ ನಡೆದು ಬರುತ್ತದೆ. ಚಾರ್ಲಿ ಬಂದೂಕು ಕಿತ್ತುಕೊಂಡು ಗುಂಡು ಹಾರಿಸುತ್ತಾನೆ. ಸತ್ತು ಬಿದ್ದವನು ಸುದ್ದಿ ತರಲು ಹೋಗಿದ್ದ ಪೀಟ್ ವ್ಯಾನ್ ಹಾರ್ನ್. ಆ ಕ್ಷಣವೇ ಚಾರ್ಲಿಯ ಮನೆಯ ದೀಪ ಹೊತ್ತುತ್ತದೆ, ಗುಂಪು ಅವನ ಮೇಲೆ ಕಲ್ಲೆಸೆಯುತ್ತದೆ. ಜೀವ ಉಳಿಸಿಕೊಳ್ಳಲು ಅವನು ಹುಡುಗ ಟಾಮಿಯತ್ತ ಬೆರಳು ತೋರಿಸುತ್ತಾನೆ. ಒಂದೊಂದು ಮನೆಯ ದೀಪ ಹೊತ್ತಿ ಆರಿದಂತೆ ಬೀದಿಯೇ ಹುಚ್ಚೆದ್ದು ಪರಸ್ಪರರ ಮೇಲೆ ಎರಗುತ್ತದೆ.

ಕೊನೆಯ ದೃಶ್ಯದಲ್ಲಿ ಗುಡ್ಡದ ಮೇಲೆ ತಮ್ಮ ನೌಕೆಯ ಬಳಿ ನಿಂತ ಇಬ್ಬರು ಅನ್ಯಲೋಕದವರು ಕೆಳಗಿನ ಗಲಭೆಯನ್ನು ನೋಡುತ್ತಿರುತ್ತಾರೆ. ಅವರು ಮಾಡಿದುದಿಷ್ಟೇ: ಕೆಲವು ಯಂತ್ರಗಳನ್ನು ನಿಲ್ಲಿಸಿ, ಕೆಲವನ್ನು ನಡೆಸಿ, ಕತ್ತಲೆ ಮಾಡಿದ್ದು. ಶತ್ರುವನ್ನು ಹುಡುಕಿಕೊಳ್ಳುವ ಕೆಲಸವನ್ನು ಮನುಷ್ಯರೇ ಮಾಡುತ್ತಾರೆ. ಇದೇ ಕ್ರಮದಲ್ಲಿ ಒಂದು ಬೀದಿಯಿಂದ ಇನ್ನೊಂದಕ್ಕೆ ಹೋಗುವುದು ಅವರ ಯೋಜನೆ.

ಸುಮಾರು ೨೫ ನಿಮಿಷಗಳ ಈ ಕಂತಿನಲ್ಲಿ ವಿಶೇಷ ತಂತ್ರಗಳೇನೂ ಇಲ್ಲ. ಎಂಜಿಎಂ ಸ್ಟುಡಿಯೋದ ಆವರಣದಲ್ಲಿ ಮೊದಲೇ ಇದ್ದ ಬೀದಿಯ ಸಜ್ಜಿಕೆಯಲ್ಲಿ ಚಿತ್ರೀಕರಣ ನಡೆಯಿತು. ಅನ್ಯಲೋಕದವರ ಉಡುಗೆ ಮತ್ತು ನೌಕೆಯ ದೃಶ್ಯಗಳು ಅದೇ ಸ್ಟುಡಿಯೋದ 'ಫರ್ಬಿಡನ್ ಪ್ಲಾನೆಟ್' (೧೯೫೬) ಚಿತ್ರದವು. ೧೯೫೦ರ ದಶಕದಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ ಮೊದಲಾದವರು ನಡೆಸಿದ ಕಮ್ಯುನಿಸ್ಟರ ಬೇಟೆಯಲ್ಲಿ ನೆರೆಯವರೇ ನೆರೆಯವರ ಮೇಲೆ ದೂರು ಹೇಳಿದ ದಿನಗಳು ಅಂದಿನ ಪ್ರೇಕ್ಷಕರಿಗೆ ಇನ್ನೂ ಹಸಿಯಾಗಿದ್ದವು. ವಿಮರ್ಶಕರು ಕಥೆಯನ್ನು ಸಾಮಾನ್ಯವಾಗಿ ಆ ಹಿನ್ನೆಲೆಯಲ್ಲಿ ಓದುತ್ತಾರೆ. ಆದರೆ ಒಂದು ಊರು ಒಟ್ಟಾಗಿ ಕೊಲೆಗಾರನಾಗುವ ಚಿತ್ರ ಸರ್ಲಿಂಗ್ ಅವರಲ್ಲಿ 'ನೂನ್ ಆನ್ ಡೂಮ್ಸ್‌ಡೇ' ಕಾಲದಿಂದಲೂ ಇದ್ದುದು. ಅಲ್ಲಿ ಕತ್ತರಿಗೆ ಸಿಕ್ಕಿದ್ದು ಇಲ್ಲಿ ಇಡಿಯಾಗಿ ಉಳಿಯಿತು. ಮುಕ್ತಾಯದ ನಿರೂಪಣೆಯಲ್ಲಿ ಅವರು ಪೂರ್ವಗ್ರಹವನ್ನೂ ಅನುಮಾನವನ್ನೂ ಬಾಂಬಿಗೆ ಸಮನಾದ ಆಯುಧಗಳೆಂದು ಹೆಸರಿಸಿಯೇ ಹೇಳಿದರು, ಯಾವ ಪ್ರಾಯೋಜಕನೂ ತಡೆಯಲಿಲ್ಲ.

ಈ ಕಂತಿನ ನಾಟಕರೂಪ ಅಮೆರಿಕದ ಶಾಲೆಗಳ ಭಾಷಾ ಪಠ್ಯಗಳಲ್ಲಿ ಸೇರಿದ್ದು, ತರಗತಿಗಳಲ್ಲಿ ವಿದ್ಯಾರ್ಥಿಗಳು ಪಾತ್ರ ಹಂಚಿಕೊಂಡು ಓದುವ ರೂಢಿಯಿದೆ. ೨೦೦೩ರಲ್ಲಿ ಹೊಸ ಸರಣಿಯೊಂದರಲ್ಲಿ ಇದೇ ಕಥೆಯನ್ನು ಭಯೋತ್ಪಾದಕರ ಭೀತಿಗೆ ಹೊಂದಿಸಿ ಮರುನಿರ್ಮಿಸಲಾಯಿತು.

ನಿರೂಪಕರಾಗಿ

ಸರಣಿಗೆ ಬೇರೆಯವರ ಧ್ವನಿಯನ್ನು ಬಳಸುವ ಯೋಚನೆ ಮೊದಲು ಇತ್ತು. ಆರ್ಸನ್ ವೆಲ್ಸ್ ಅವರ ಹೆಸರು ಬಂದಿತ್ತಾದರೂ ಸಂಭಾವನೆ ಹೊಂದಲಿಲ್ಲ. ಕೊನೆಗೆ ಸರ್ಲಿಂಗ್ ಅವರೇ ನಿರೂಪಕರಾದರು. ಮೊದಲ ವರ್ಷ ಹೆಚ್ಚಾಗಿ ಧ್ವನಿ ಮಾತ್ರ ಕೇಳುತ್ತಿತ್ತು. ಎರಡನೆಯ ವರ್ಷದಿಂದ ಅವರು ಕಪ್ಪು ಸೂಟು ಧರಿಸಿ, ಅನೇಕ ವೇಳೆ ಕೈಯಲ್ಲಿ ಸಿಗರೇಟು ಹಿಡಿದು ಕಥೆಯ ಆರಂಭದಲ್ಲಿ ತೆರೆಗೆ ಬರತೊಡಗಿದರು. ಹಲ್ಲು ಬಿಗಿಹಿಡಿದಂತೆ ಆಡುವ ಅವರ ಮಾತಿನ ಧಾಟಿಯನ್ನು ಅನುಕರಿಸದ ಹಾಸ್ಯಗಾರರಿಲ್ಲ. ಕ್ಯಾಮೆರಾ ಮುಂದೆ ನಿಲ್ಲುವಾಗ ಅವರಿಗೆ ಬಹಳ ಅಳುಕಾಗುತ್ತಿತ್ತು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪ್ರದೇಶದ ತೆಂಕುತಿಟ್ಟು ಯಕ್ಷಗಾನ ಬಯಲಾಟಗಳನ್ನು ಬಲ್ಲವರಿಗೆ ಈ ಕ್ರಮ ತೀರ ಅಪರಿಚಿತವೆನಿಸದು. ಭಾಗವತರು ರಂಗದ ಮೇಲೆಯೇ ಇದ್ದರೂ ಕಥೆಯೊಳಗಿನವರಲ್ಲ. ಪ್ರಸಂಗವನ್ನು ತೆರೆಯುವವರೂ ಮುಗಿಸುವವರೂ ಅವರೇ. ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ, ಏಕೆಂದರೆ ಭಾಗವತರು ಪದ್ಯಗಳಿಂದ ಇಡೀ ಆಟವನ್ನು ನಡೆಸುತ್ತಾರೆ, ವೇಷಧಾರಿಗಳನ್ನು ಮಾತನಾಡಿಸುತ್ತಾರೆ. ಸರ್ಲಿಂಗ್ ಆರಂಭದಲ್ಲಿ ಕಾಣಿಸಿಕೊಂಡು ಸರಿದುಹೋಗುತ್ತಾರೆ. ಇದಕ್ಕಿಂತ ಹತ್ತಿರದ ಸಾಮ್ಯ ತಾಳಮದ್ದಳೆಯಲ್ಲಿದೆ. ಪುರಾಣದ ಪಾತ್ರದ ಬಾಯಿಂದಲೇ ಇಂದಿನ ಸಂಗತಿಗಳತ್ತ ಬೊಟ್ಟುಮಾಡುವ ಅರ್ಥಧಾರಿಯ ಜಾಣ್ಮೆಯೂ ಅನ್ಯಗ್ರಹದ ನೆಪದಲ್ಲಿ ತನ್ನ ಊರಿನ ಮಾತನ್ನಾಡಿದ ಸರ್ಲಿಂಗ್ ಅವರ ಉಪಾಯವೂ ಒಂದೇ ಜಾತಿಯವು.

ಇತರ ಕಂತುಗಳು ಮತ್ತು ಸರಣಿಯ ಮುಕ್ತಾಯ

'ದಿ ಪರ್ಪಲ್ ಟೆಸ್ಟಮೆಂಟ್' (೧೯೬೦) ಕಂತಿನಲ್ಲಿ ಫಿಲಿಪ್ಪೀನ್ಸಿನ ಯುದ್ಧಭೂಮಿಯಲ್ಲಿ ಸಾಯಲಿರುವವರ ಮುಖದಲ್ಲಿ ವಿಚಿತ್ರ ಬೆಳಕನ್ನು ಕಾಣುವ ಅಧಿಕಾರಿಯೊಬ್ಬನಿದ್ದಾನೆ. 'ದಿ ಬಿಗ್ ಟಾಲ್ ವಿಶ್' (೧೯೬೦) ಕಪ್ಪುವರ್ಣೀಯ ನಟರೇ ಮುಖ್ಯ ಪಾತ್ರಗಳಲ್ಲಿದ್ದ ಕಂತು. ಆ ಕಾಲದ ದೂರದರ್ಶನದಲ್ಲಿ ಇದು ವಿರಳ. 'ಡೆತ್ಸ್-ಹೆಡ್ ರೀವಿಸಿಟೆಡ್' (೧೯೬೧) ಡಖಾವು ಸೆರೆಶಿಬಿರಕ್ಕೆ ಮರಳಿ ಬರುವ ನಾತ್ಸಿ ಅಧಿಕಾರಿಯ ಕಥೆ. 'ದಿ ಶೆಲ್ಟರ್' (೧೯೬೧) ಮೇಪಲ್ ಬೀದಿಯ ಒಡಹುಟ್ಟಿನಂತಿದೆ: ಅಣುಬಾಂಬಿನ ಭೀತಿಯ ರಾತ್ರಿಯಲ್ಲಿ ಒಂದೇ ಮನೆಯ ನೆಲಮಾಳಿಗೆಗಾಗಿ ಗೆಳೆಯರೇ ಬಡಿದಾಡುತ್ತಾರೆ.

ರಿಚರ್ಡ್ ಮ್ಯಾಥೆಸನ್ ಮತ್ತು ಚಾರ್ಲ್ಸ್ ಬ್ಯೂಮಾಂಟ್ ಸರಣಿಯ ಇತರ ಪ್ರಮುಖ ಬರಹಗಾರರು. ಆದರೂ ಹೆಚ್ಚಿನ ಭಾರ ಸರ್ಲಿಂಗ್ ಅವರ ಮೇಲೆಯೇ ಬಿದ್ದಿತು. ಈ ವೇಗದಲ್ಲಿ ಬರೆಯಲು ಅವರು ಸಂಭಾಷಣೆಯನ್ನು ಧ್ವನಿಮುದ್ರಣ ಯಂತ್ರಕ್ಕೆ ಹೇಳಿ, ಕಾರ್ಯದರ್ಶಿಯಿಂದ ಬೆರಳಚ್ಚು ಮಾಡಿಸುತ್ತಿದ್ದರು. ಅವಸರದ ಗುರುತುಗಳು ಕಂತುಗಳಲ್ಲಿ ಕಾಣುತ್ತವೆ. ಪಾತ್ರಗಳು ಮಾತನಾಡುವ ಬದಲು ಭಾಷಣ ಮಾಡುವುದು, ಹಾಸ್ಯದ ಕಂತುಗಳು ಜಾಳಾಗುವುದು ಅವರ ಮೇಲಿನ ಸಾಮಾನ್ಯ ಆಕ್ಷೇಪಗಳು. ತಮ್ಮ ಬರಹದ ಬಗ್ಗೆ ಸ್ವತಃ ಅವರೂ ನಿಷ್ಠುರರಾಗಿದ್ದರು.

ಸರಣಿಗೆ ಎಮ್ಮಿಗಳೂ ೧೯೬೦ರಿಂದ ಸತತ ಮೂರು ವರ್ಷ ಹ್ಯೂಗೊ ಪ್ರಶಸ್ತಿಯೂ ಬಂದವು. ಆದರೆ ವೀಕ್ಷಕರ ಸಂಖ್ಯೆ ಎಂದೂ ಅತಿ ಹೆಚ್ಚಿರಲಿಲ್ಲ. ಮೂರನೆಯ ವರ್ಷದ ಕೊನೆಗೆ ಸಕಾಲದಲ್ಲಿ ಪ್ರಾಯೋಜಕರು ಸಿಗದೆ ಸರಣಿ ನಿಂತಂತಾದಾಗ ಸರ್ಲಿಂಗ್ ಆಂಟಿಯೋಕ್ ಕಾಲೇಜಿಗೆ ಪಾಠ ಹೇಳಲು ಹೋದರು. ನಾಲ್ಕನೆಯ ವರ್ಷ ಒಂದು ಗಂಟೆಯ ಕಂತುಗಳಾಗಿ ಅದು ಮರಳಿತಾದರೂ ಆ ಅಳತೆ ಕಥೆಗಳಿಗೆ ಒಗ್ಗಲಿಲ್ಲ. ಐದನೆಯ ವರ್ಷದೊಂದಿಗೆ, ೧೯೬೪ರ ಜೂನ್ ೧೯ರಂದು ಪ್ರಸಾರ ಕೊನೆಗೊಂಡಿತು. ಬಳಿಕ ಸರ್ಲಿಂಗ್ ತಮ್ಮ ಪಾಲಿನ ಹಕ್ಕನ್ನು ಸಿಬಿಎಸ್‌ಗೆ ಮಾರಿದರು. ಮರುಪ್ರಸಾರಗಳಿಂದ ಸರಣಿ ಎಷ್ಟು ಗಳಿಸಲಿದೆ ಎಂಬ ಅಂದಾಜು ಅವರಿಗಿರಲಿಲ್ಲ.

ಚಲನಚಿತ್ರಗಳು ಮತ್ತು ನಂತರದ ವರ್ಷಗಳು

ಸೇನಾಧಿಕಾರಿಗಳು ಅಮೆರಿಕದ ಸರ್ಕಾರವನ್ನು ಉರುಳಿಸಲು ಹೂಡುವ ಸಂಚಿನ ಕುರಿತ 'ಸೆವೆನ್ ಡೇಸ್ ಇನ್ ಮೇ' (೧೯೬೪) ಚಿತ್ರಕ್ಕೆ ಸರ್ಲಿಂಗ್ ಚಿತ್ರಕಥೆ ಬರೆದರು. ಪಿಯೆರ್ ಬೂಲ್ ಅವರ ಕಾದಂಬರಿಯನ್ನಾಧರಿಸಿದ 'ಪ್ಲಾನೆಟ್ ಆಫ್ ದಿ ಏಪ್ಸ್' (೧೯೬೮) ಚಿತ್ರದ ಬರವಣಿಗೆಯಲ್ಲಿ ಮೈಕೆಲ್ ವಿಲ್ಸನ್ ಅವರೊಡನೆ ಪಾಲುಗೊಂಡರು. ಸಮುದ್ರತೀರದಲ್ಲಿ ಅರ್ಧ ಹೂತುಹೋದ ಸ್ವಾತಂತ್ರ್ಯದೇವಿಯ ಪ್ರತಿಮೆ ಕಾಣುವ ಪ್ರಸಿದ್ಧ ಮುಕ್ತಾಯವನ್ನು ಸಾಮಾನ್ಯವಾಗಿ ಸರ್ಲಿಂಗ್ ಅವರದೆಂದು ಹೇಳಲಾಗುತ್ತದೆ.

ಅವರು ಬರೆದು ಪರಿತಪಿಸಿದ ಕೃತಿಯೂ ಒಂದಿದೆ. ವಿಮಾನದಲ್ಲಿ ಬಾಂಬ್ ಇಟ್ಟು ಹಣಕ್ಕಾಗಿ ಬೆದರಿಸುವವನ ಕಥೆಯಾದ 'ದಿ ಡೂಮ್ಸ್‌ಡೇ ಫ್ಲೈಟ್' ೧೯೬೬ರ ಡಿಸೆಂಬರಿನಲ್ಲಿ ಪ್ರಸಾರವಾದ ಕೂಡಲೇ ವಿಮಾನಸಂಸ್ಥೆಗಳಿಗೆ ಅಂತಹುದೇ ಹುಸಿಕರೆಗಳು ಬರತೊಡಗಿದವು. ಆ ನಾಟಕವನ್ನು ಬರೆಯಬಾರದಿತ್ತೆಂದು ಅವರು ಬಹಿರಂಗವಾಗಿ ಒಪ್ಪಿಕೊಂಡರು. ವಿಯೆಟ್ನಾಂ ಯುದ್ಧವನ್ನು ಅವರು ವಿರೋಧಿಸಿ ಕಾಲೇಜುಗಳಲ್ಲಿ ಮಾತನಾಡಿದರು. ೧೯೬೮ರಲ್ಲಿ ಒಂದು ಕಾಲೇಜಿನಲ್ಲಿ ನಿಷ್ಠೆಯ ಪ್ರಮಾಣಪತ್ರಕ್ಕೆ ಸಹಿ ಹಾಕಲು ನಿರಾಕರಿಸಿ, ಭಾಷಣದ ಸಂಭಾವನೆಯನ್ನು ಬಿಟ್ಟುಕೊಟ್ಟರು.

೧೯೭೦ರಿಂದ ೧೯೭೩ರವರೆಗೆ ಎನ್‌ಬಿಸಿ ವಾಹಿನಿಯಲ್ಲಿ 'ನೈಟ್ ಗ್ಯಾಲರಿ' ಸರಣಿ ಪ್ರಸಾರವಾಯಿತು. ೧೯೬೯ರ ಅದರ ಆರಂಭಿಕ ಚಿತ್ರದ ಒಂದು ಕಥೆಯನ್ನು ಆಗ ಹೊಸಬರಾಗಿದ್ದ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದರು. ಸರ್ಲಿಂಗ್ ಅದರ ನಿರೂಪಕರಾಗಿದ್ದು ಅನೇಕ ಕಥೆಗಳನ್ನು ಬರೆದರೂ, ನಿರ್ಮಾಣದ ತೀರ್ಮಾನಗಳು ಅವರ ಕೈಯಲ್ಲಿರಲಿಲ್ಲ. ಅವರ ಬರಹಗಳೇ ಅಲ್ಲಿ ತಿರಸ್ಕೃತವಾದುದೂ ಉಂಟು. ಮೊದಲು ಯಾವ ಜಾಹೀರಾತುದಾರರೊಡನೆ ಕಾದಾಡಿದ್ದರೋ ಅಂತಹವರ ಸರಕುಗಳಿಗೆ ಈ ವರ್ಷಗಳಲ್ಲಿ ಅವರೇ ಧ್ವನಿ ನೀಡಿದರು. ಇದರ ವಿರೋಧಾಭಾಸ ಅವರಿಗೂ ತಿಳಿಯದೆ ಇರಲಿಲ್ಲ. ಇಥಾಕಾ ಕಾಲೇಜಿನಲ್ಲಿ ಬರವಣಿಗೆ ಮತ್ತು ಚಿತ್ರವಿಮರ್ಶೆಯ ಪಾಠ ಹೇಳುವುದು ಅವರಿಗೆ ಹೆಚ್ಚು ಪ್ರಿಯವಾದ ಕೆಲಸವಾಗಿತ್ತು. ತಮ್ಮ ಹಳೆಯ ಕಂತುಗಳನ್ನು ತರಗತಿಯಲ್ಲಿ ತೋರಿಸಿ ಅವುಗಳ ದೋಷಗಳನ್ನು ವಿದ್ಯಾರ್ಥಿಗಳೊಡನೆ ಚರ್ಚಿಸುತ್ತಿದ್ದರು.

ನಿಧನ

ಸರ್ಲಿಂಗ್ ದಿನಕ್ಕೆ ಹಲವು ಪೊಟ್ಟಣ ಸಿಗರೇಟು ಸೇದುತ್ತಿದ್ದರು. ೧೯೭೫ರ ಮೇ ತಿಂಗಳಲ್ಲಿ ಅವರಿಗೆ ಹೃದಯಾಘಾತವಾಯಿತು. ಜೂನ್ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರದ ಆಸ್ಪತ್ರೆಯಲ್ಲಿ ನಡೆದ ತೆರೆದ ಹೃದಯದ ಶಸ್ತ್ರಚಿಕಿತ್ಸೆಯ ವೇಳೆ ಮತ್ತೊಮ್ಮೆ ಆಘಾತವಾಗಿ, ಜೂನ್ ೨೮ರಂದು ಅವರು ನಿಧನರಾದರು. ಆಗ ಅವರ ವಯಸ್ಸು ೫೦. ಅವರ ತಂದೆಯೂ ಐವತ್ತರ ಆಸುಪಾಸಿನಲ್ಲಿ ಇದೇ ಕಾಯಿಲೆಯಿಂದ ಸತ್ತಿದ್ದರು. ಕಯೂಗಾ ಸರೋವರದ ಸಮೀಪದ ಇಂಟರ್‌ಲೇಕನ್ ಊರಿನ ಲೇಕ್ ವ್ಯೂ ರುದ್ರಭೂಮಿಯಲ್ಲಿ ಅವರ ಸಮಾಧಿ ಇದೆ.

೧೯೮೫ರಲ್ಲಿ ಅವರ ಹೆಸರನ್ನು ಅಮೆರಿಕದ ದೂರದರ್ಶನ ಗೌರವ ಪಟ್ಟಿಗೆ ಸೇರಿಸಲಾಯಿತು. 'ದಿ ಟ್ವಿಲೈಟ್ ಝೋನ್' ಚಲನಚಿತ್ರವಾಗಿ ೧೯೮೩ರಲ್ಲಿಯೂ ಹೊಸ ಸರಣಿಗಳಾಗಿ ೧೯೮೫, ೨೦೦೨ ಮತ್ತು ೨೦೧೯ರಲ್ಲಿಯೂ ಮರಳಿ ಬಂದಿತು. ಪತ್ನಿ ಕ್ಯಾರೊಲ್ ಅವರ ಬರಹಗಳ ಪ್ರಕಟಣೆ ಮತ್ತು ಸಂರಕ್ಷಣೆಯ ಕೆಲಸವನ್ನು ೨೦೨೦ರಲ್ಲಿ ತಾವು ತೀರಿಕೊಳ್ಳುವವರೆಗೂ ನೋಡಿಕೊಂಡರು. ಹಸ್ತಪ್ರತಿಗಳ ಬಹುಭಾಗ ವಿಸ್ಕಾನ್ಸಿನ್ ಐತಿಹಾಸಿಕ ಸಂಸ್ಥೆಯಲ್ಲಿಯೂ ಇಥಾಕಾ ಕಾಲೇಜಿನಲ್ಲಿಯೂ ಇವೆ. ಬಿಂಗ್‌ಹ್ಯಾಮ್ಟನ್ನಿನ ರಿಕ್ರಿಯೇಷನ್ ಪಾರ್ಕಿನ ವಾದ್ಯಮಂಟಪದಲ್ಲಿ 'ವಾಕಿಂಗ್ ಡಿಸ್ಟೆನ್ಸ್' ಕಂತಿನ ನೆನಪಿಗೆ ಫಲಕವೊಂದನ್ನು ಇರಿಸಲಾಗಿದೆ.